ಹೀರೋ ಕಾರಿನ ಗಾಜೂ ಇಳಿಸಲಿಲ್ಲ ಅಂತ ಮುಖ ಊದಿಸಿಕೊಂಡಿರುವ ಹುಡುಗನಿಗೆ ಯಾವ ಮೂಕಿ ಚಿತ್ರ ತೋರಿಸಲಿ?

ಕೇಳಿದವರು: ನನ್ನ ತಂಗಿ ಮಗ ಪಿಯುಸಿ ಓದುತ್ತಿದ್ದಾನೆ. ಒಬ್ಬ ಹೀರೋ ಅಂದ್ರೆ ಪ್ರಾಣ. ಮೊನ್ನೆ ಅವರ ಹುಟ್ಟುಹಬ್ಬಕ್ಕೆ ಬೆಳಗಿನ ಜಾವವೇ ಹೋಗಿ, ಹಾರ ಹಿಡಿದು ಮನೆ ಮುಂದೆ ನಿಂತಿದ್ದ. ಮಧ್ಯಾಹ್ನ ಕಾರು ಬಂತು, ಗಾಜು ಇಳಿಯಲೇ ಇಲ್ಲ, ಹೋಯಿತು. ಹಾರ ವಾಪಸ್ ತಂದು ಬೈಕಿಗೆ ಹಾಕಿದ್ದಾನೆ. ಎರಡು ದಿನದಿಂದ ಸರಿಯಾಗಿ ಊಟವಿಲ್ಲ. ಬುದ್ಧಿ ಹೇಳಿದರೆ ಎದ್ದು ಹೋಗುತ್ತಾನೆ. ಇಂಥದ್ದೇ ಕತೆಯ ಹಳೇ ಮೂಕಿ ಕಾಮಿಡಿಗಳಿವೆಯಂತೆ. ಮಕ್ಕಳಿಗೆ ತೋರಿಸಿದವರು ಇದ್ದರೆ ಹೇಳಿ.

ಶಿವಮೊಗ್ಗದ ಒಬ್ಬ ಮೇಷ್ಟ್ರು: ಅಕ್ಕಾ, ಮೊದಲು ‘ಮೇಬಲ್ಸ್ ಡ್ರಮ್ಯಾಟಿಕ್ ಕೆರಿಯರ್’ ಹಾಕಿ. 1913ರ ಪುಟ್ಟ ಚಿತ್ರ, ಟೀ ಆರುವುದರೊಳಗೆ ಮುಗಿಯುತ್ತದೆ. ನಿರ್ದೇಶಕ ಮ್ಯಾಕ್ ಸೆನೆಟ್‌ನೇ ಹಳ್ಳಿ ಗಮಾರನ ಪಾತ್ರ ಮಾಡಿದ್ದಾನೆ. ಮನೆಕೆಲಸದ ಹುಡುಗಿ ಮೇಬಲ್‌ಗೆ ಮಾತು ಕೊಟ್ಟು, ಪಟ್ಟಣದ ಹುಡುಗಿ ಕಂಡ ಕೂಡಲೇ ಕೈಬಿಡುತ್ತಾನೆ. ಆಕೆ ಹೋಗಿ ಸಿನಿಮಾ ಸೇರುತ್ತಾಳೆ. ವರ್ಷಗಳಾದ ಮೇಲೆ ಇವನು ಥಿಯೇಟರ್ ಹೊರಗೆ ಅವಳ ಪೋಸ್ಟರ್ ನೋಡಿ ಒಳಗೆ ಹೋದರೆ, ಪರದೆ ಮೇಲೆ ವಿಲನ್ ಒಬ್ಬ ಅವಳಿಗೆ ಕಾಟ ಕೊಡುತ್ತಿದ್ದಾನೆ. ಇವನು ಸೀಟಲ್ಲಿ ಕೂತಲ್ಲೇ ಕುದಿಯುತ್ತಾನೆ. ಪಕ್ಕದಲ್ಲಿ ದಪ್ಪ ಆಸಾಮಿ ರಾಸ್ಕೋ ಆರ್ಬಕಲ್ ಇದ್ದಾನೆ, ಅವನ ಮುಖದ ಮೇಲೆ ಕಣ್ಣಿಡಿ. ಕೊನೆಗೆ ಇವನು ಪಿಸ್ತೂಲು ತೆಗೆದು ಪರದೆಗೇ ಗುಂಡು ಹಾರಿಸುತ್ತಾನೆ! ಆಮೇಲೆ ವಿಲನ್‌ನ ಮನೆ ಹುಡುಕಿಕೊಂಡು ಹೋಗಿ ಕಿಟಕಿಯಲ್ಲಿ ಇಣುಕಿದರೆ, ಆ ‘ದುಷ್ಟ’ ಮೇಬಲ್ ಜೊತೆ, ಮಕ್ಕಳ ಜೊತೆ ಹಾಯಾಗಿದ್ದಾನೆ. ಅಷ್ಟರಲ್ಲಿ ಮೇಲಿಂದ ಯಾರೋ ಇವನ ತಲೆಗೆ ನೀರು ಸುರಿಯುತ್ತಾರೆ.

ಅದರ ಬೆನ್ನಿಗೇ ‘ಎ ಫಿಲ್ಮ್ ಜಾನಿ’ ಹಾಕಿ. ಚಾಪ್ಲಿನ್ ಸಿನಿಮಾಗೆ ಕಾಲಿಟ್ಟ ವರ್ಷದ್ದು, 1914. ಪರದೆಯ ಹುಡುಗಿಗೆ ಮನಸೋತು ಕಣ್ಣೀರಿಟ್ಟು, ಗಲಾಟೆ ಮಾಡಿ, ಥಿಯೇಟರ್‌ನಿಂದ ಹೊರದಬ್ಬಿಸಿಕೊಂಡು, ಸೀದಾ ಸ್ಟುಡಿಯೋ ಬಾಗಿಲಿಗೆ ಹೋಗುತ್ತಾನೆ. ಒಳಗೆ ನುಗ್ಗಿ, ನಟಿಸುತ್ತಿರುವುದನ್ನೇ ನಿಜ ಅಂದುಕೊಂಡು ಶೂಟಿಂಗ್ ಹಾಳು ಮಾಡುತ್ತಾನೆ. ಇದರಲ್ಲೂ ಕೊನೆಗೆ ಬೆಂಕಿ ಆರಿಸುವ ಪೈಪಿನ ನೀರು ಅವನ ಮೇಲೇ. ಆಸೆಗೆ ತಣ್ಣೀರೆರಚಿದರು ಅಂತೀವಲ್ಲ, ಈ ಎರಡನ್ನೂ ತೆಗೆದ ಕೀಸ್ಟೋನ್ ಕಂಪನಿಯವರು ಬಕೆಟ್ಟು, ಪೈಪು ಹಿಡಿದೇ ಎರಚಿದ್ದಾರೆ.

ಒಂದು ಮಾತು. ಚಿತ್ರ ಮುಗಿದ ಮೇಲೆ ಬಾಯಿ ಬಿಡಬೇಡಿ. ನಾನು ಒಮ್ಮೆ ನನ್ನ ಮಗನಿಗೆ ‘ನೋಡಿದ್ಯಾ?’ ಅಂದೆ. ಅಲ್ಲಿಗೆ ಕೆಟ್ಟಿತು.

ಬೆಂಗಳೂರಿನಿಂದ ಒಬ್ಬರು: ಮೇಷ್ಟ್ರೇ, ಪಿಯುಸಿ ಹುಡುಗರಿಗೆ ಬೀಳೋದು ಏಳೋದು ಜಾಸ್ತಿ ಹೊತ್ತು ಹಿಡಿಸಲ್ಲ. ನನ್ನ ಓಟು 1928ರ ‘ಶೋ ಪೀಪಲ್’ಗೆ. ಕಿಂಗ್ ವಿಡಾರ್ ನಿರ್ದೇಶನ, ಒಂದೂಕಾಲು ಗಂಟೆಗೆ ಸ್ವಲ್ಪ ಹೆಚ್ಚು. ಜಾರ್ಜಿಯಾದಿಂದ ಪೆಗ್ಗಿ ಪೆಪ್ಪರ್ ಅನ್ನೋ ಹುಡುಗಿ ಅಪ್ಪನ ಜೊತೆ ಕಾರಿನಲ್ಲಿ ಹಾಲಿವುಡ್‌ಗೆ ಬರುತ್ತಾಳೆ. ಗಂಭೀರ ನಟಿಯಾಗಬೇಕು ಅಂತ ಕನಸು. ಮೊದಲ ದಿನವೇ ಮುಖಕ್ಕೆ ಸೋಡಾ ನೀರು ಚಿಮ್ಮಿಸುತ್ತಾರೆ. (ನೋಡಿ, ಇಲ್ಲೂ ನೀರು.) ಆಮೇಲೆ ಅವಳೇ ದೊಡ್ಡ ಸ್ಟಾರ್ ಆಗಿ, ಪೆಟ್ರೀಷಿಯಾ ಪೆಪ್ವಾರ್ ಅಂತ ಹೆಸರು ಬದಲಿಸಿ, ಮೊಲದ ಹಾಗೆ ಮೇಲ್ದುಟಿ ಎತ್ತಿಕೊಂಡು ಓಡಾಡುತ್ತಾಳೆ. ಹಳೇ ಗೆಳೆಯ ಬಿಲ್ಲಿಯನ್ನೂ ದೂರ ಮಾಡುತ್ತಾಳೆ.

ಒಂದು ದೃಶ್ಯ ತಪ್ಪಿಸಬೇಡಿ. ಮೀಸೆ ಇಲ್ಲ, ಬೆತ್ತ ಇಲ್ಲ, ಒಬ್ಬ ಕುಳ್ಳಗಿನ ಮನುಷ್ಯ ಪುಸ್ತಕ ಹಿಡಿದು ಬಂದು ಆಟೋಗ್ರಾಫ್ ಕೇಳುತ್ತಾನೆ. ಪೆಗ್ಗಿಗೆ ಕಿರಿಕಿರಿ. ಅವನು ಚಾಪ್ಲಿನ್ ಅಂತ ಗೊತ್ತಾದಾಗ ಮೂರ್ಛೆ ಹೋಗುತ್ತಾಳೆ. ಇನ್ನೊಂದರಲ್ಲಿ ಮೇರಿಯನ್ ಡೇವಿಸ್ ಅನ್ನೋ ನಿಜವಾದ ತಾರೆ ಬಂದರೆ, ಇವಳೇನು ಮಹಾ ಅನ್ನೋ ಹಾಗೆ ಪೆಗ್ಗಿ ಮುಖ ಸೊಟ್ಟ ಮಾಡುತ್ತಾಳೆ. ಪೆಗ್ಗಿ ಪಾತ್ರ ಮಾಡಿರೋದೂ ಮೇರಿಯನ್ ಡೇವಿಸೇ! ನಮ್ಮ ಅಪಾರ್ಟ್‌ಮೆಂಟ್ ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಟ್ಟಿದ್ದೆ, ಪೆದ್ದಿ ನಾನು. ನೀವು ಹೇಳಬೇಡಿ.

ಎಡಿಟಿಂಗ್ ಕೆಲಸದವನು: ಯಾವ ಪ್ರಿಂಟ್ ಅನ್ನೋದೂ ಮುಖ್ಯ. ಆಗ ಹೆಚ್ಚಾಗಿ ಕ್ಯಾಮೆರಾ ಕೈಯಲ್ಲಿ ತಿರುಗಿಸುತ್ತಿದ್ದರು, ಆಮೇಲೆ ರೂಢಿಯಾದ ಸೆಕೆಂಡಿಗೆ 24 ಫ್ರೇಮಿಗಿಂತ (ಫ್ರೇಮ್ ಅಂದ್ರೆ ಒಂದೊಂದು ಬಿಡಿ ಚಿತ್ರ) ಕಡಿಮೆ. ಅದನ್ನು ಸುಮ್ನೆ 24ರಲ್ಲಿ ಓಡಿಸಿದರೆ ಎಲ್ಲರೂ ಇರುವೆ ಥರ ಓಡಾಡುತ್ತಾರೆ. ಕಾಮಿಡಿಯಲ್ಲಿ ಬೇಕಂತಲೇ ಸ್ವಲ್ಪ ಜೋರಾಗಿ ಓಡಿಸುತ್ತಿದ್ದರು, ಅದು ಬೇರೆ. ಸಂಗೀತ ಇರುವ, ದುರಸ್ತಿಯಾದ ಪ್ರಿಂಟ್ ಹುಡುಕಿ. ನಡುವೆ ಬರುವ ಬರಹದ ಕಾರ್ಡ್‌ಗಳನ್ನು ಒಬ್ಬರು ಕನ್ನಡದಲ್ಲಿ ಜೋರಾಗಿ ಓದಿದರೆ ಮಜಾ.

ಕೇಳಿದವರು: ಭಾನುವಾರ ಮೇಷ್ಟ್ರು ಹೇಳಿದ ಎರಡನ್ನೂ ಹಾಕಿದೆ. ಕಾರ್ಡ್ ಓದಿದ್ದು ನಮ್ಮ ಅತ್ತೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಅರ್ಧ ಸ್ವಂತ ಡೈಲಾಗು. ಇವನು ಮೊದಲು ಫೋನ್ ನೋಡುತ್ತಿದ್ದ. ಪರದೆಗೆ ಗುಂಡು ಹಾರಿಸಿದಾಗ ತಲೆ ಎತ್ತಿದ. ‘ದೊಡ್ಡಮ್ಮ, ಇನ್ನೊಂದ್ಸಲ ಹಾಕಿ’ ಅಂದ. ತಲೆ ಮೇಲೆ ನೀರು ಬಿದ್ದಾಗ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಇವನೇ. ನಾನು ಬಾಯಿ ಬಿಡಲಿಲ್ಲ, ಮೇಷ್ಟ್ರೇ. ರಾತ್ರಿ ಮೂರು ಚಪಾತಿ ತಿಂದ. ಫೋನಿನ ಮೇಲೆ ಮಾತ್ರ ಇನ್ನೂ ಅದೇ ಹೀರೋ ಫೋಟೋ. ಮುಂದಿನ ವಾರ ‘ಶೋ ಪೀಪಲ್’.