ಐದು ಮಂದಿಯ ಮನೆಗೆ ಎಷ್ಟು ಲೀಟರಿನ ಗೀಸರ್?

ಹಾಸನದ ಗೃಹಿಣಿ:
ಹಳೆಯ ಗೀಸರಿನ ಟ್ಯಾಂಕ್ ಸೋರತೊಡಗಿದೆ, ಹೊಸದನ್ನು ಕೊಳ್ಳಬೇಕು. ಅತ್ತೆ, ನಾವಿಬ್ಬರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಬಚ್ಚಲುಮನೆ ಒಂದೇ. ಅಂಗಡಿಯವರು "ಐದು ಜನವೆಂದರೆ ಐವತ್ತು ಲೀಟರ್, ಕಣ್ಣು ಮುಚ್ಚಿ ತೆಗೆದುಕೊಳ್ಳಿ" ಎನ್ನುತ್ತಾರೆ. ಯಜಮಾನರು ಮೂರು ಲೀಟರಿನದೇ ಸಾಕು ಎನ್ನುತ್ತಾರೆ. ಕರೆಂಟ್ ಬಿಲ್ ಕಟ್ಟುವವರು ಅವರು. ಶವರ್ ಇದ್ದರೂ ಯಾರೂ ತಿರುಗಿಸುವುದಿಲ್ಲ, ಎಲ್ಲರದೂ ಬಕೆಟ್ ಸ್ನಾನ. ಬೆಳಗ್ಗೆ ಆರೂವರೆಯಿಂದ ಏಳೂವರೆಯೊಳಗೆ ಯಜಮಾನರಿಗೆ ಎರಡು ಬಕೆಟ್, ಮಕ್ಕಳಿಗೆ ತಲಾ ಒಂದೂವರೆ. ಅವರೆಲ್ಲ ಹೊರಟ ಮೇಲೆ ನನ್ನದು, ಬಿಸಿಲೇರಿದ ಮೇಲೆ ಅತ್ತೆಯವರದು. ಆದರೆ ದೀಪಾವಳಿಗೆ ನಾದಿನಿಯರಿಬ್ಬರ ಸಂಸಾರವೂ ಬರುತ್ತದೆ. ನರಕ ಚತುರ್ದಶಿಯ ದಿನ ಸೂರ್ಯ ಹುಟ್ಟುವ ಮೊದಲೇ ಹನ್ನೊಂದು ಮಂದಿಗೆ ಎಣ್ಣೆಸ್ನಾನ ಆಗಬೇಕು. ಅದಕ್ಕೂ ಸಾಲುವಂತೆ ದೊಡ್ಡದನ್ನೇ ತರಲೇ?

ನಿವೃತ್ತ ವಿಜ್ಞಾನ ಮೇಷ್ಟರು:
ಅಂಗಡಿಯವರು ತಲೆ ಎಣಿಸಿದರು, ನೀವು ಬಕೆಟ್ ಎಣಿಸಿದ್ದೀರಿ, ಗಡಿಯಾರವನ್ನೂ ನೋಡಿದ್ದೀರಿ. ಅರ್ಧ ಲೆಕ್ಕ ಅಲ್ಲಿಗೇ ಮುಗಿಯಿತು ತಾಯಿ. ಉಳಿದರ್ಧ ನನ್ನದು, ಸೀಮೆಸುಣ್ಣ ಹಿಡಿಯದೆ ನನಗೆ ಉತ್ತರ ಹೇಳಲು ಬರುವುದಿಲ್ಲ.

ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 1.16 ವ್ಯಾಟ್-ಗಂಟೆ ಬೇಕು. ಚಳಿಗಾಲದಲ್ಲಿ ತಾರಸಿಯ ಟ್ಯಾಂಕಿನ ನೀರು 20 ಡಿಗ್ರಿ, ಮೈಗೆ ಹಿತವಾದದ್ದು 40 ಎಂದಿಟ್ಟುಕೊಳ್ಳಿ. 20 ಲೀಟರಿನ ಬಕೆಟ್ ಒಂದಕ್ಕೆ ಅರ್ಧ ಯೂನಿಟ್‌ಗಿಂತ ತುಸು ಕಡಿಮೆ ಖರ್ಚು. 2 ಕಿಲೋವ್ಯಾಟ್ ಗೀಸರ್ ಅದನ್ನು 14 ನಿಮಿಷದಲ್ಲಿ ಮಾಡುತ್ತದೆ. ಟ್ಯಾಂಕ್ ಎಷ್ಟೇ ದೊಡ್ಡದಿರಲಿ ಈ ಹದಿನಾಲ್ಕು ನಿಮಿಷ ಬದಲಾಗುವುದಿಲ್ಲ. ಮೊದಲೇ ಎಷ್ಟು ಕೂಡಿಟ್ಟುಕೊಳ್ಳಬಹುದು ಎಂಬುದಷ್ಟೇ ಟ್ಯಾಂಕಿನ ಮಾತು.

25 ಲೀಟರ್ ನೀರು 60 ಡಿಗ್ರಿಗೆ ಕಾಯಲು 35 ನಿಮಿಷ. ಅದಕ್ಕೆ ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿಯ ಎರಡೂವರೆ ಬಕೆಟ್. ಆದರೆ ಬಿಸಿನೀರು ಹೊರಗೆ ಹೋದಷ್ಟೂ ತಣ್ಣೀರು ಒಳಗೆ ನುಗ್ಗುವುದರಿಂದ ಎರಡೆಂದೇ ಹಿಡಿಯಿರಿ. ಆರು ಹೊಡೆಯುವ ಮೊದಲೇ ಸ್ವಿಚ್ ಹಾಕಿ. ಆರೂವರೆಗೆ ಯಜಮಾನರ ಎರಡು ಬಕೆಟ್ ಆಗುತ್ತದೆ. ಮಗುವಿನ ಒಂದೂವರೆ ಬಕೆಟ್‌ಗೆ 21 ನಿಮಿಷ; ಹಾಗಾಗಿ ಒಬ್ಬರಿಗೆ 6.55, ಇನ್ನೊಬ್ಬರಿಗೆ 7.15. ಸಾಕು, 25 ಲೀಟರೇ ಸಾಕು. ಮಕ್ಕಳಿಬ್ಬರೂ ಒಬ್ಬರ ಹಿಂದೊಬ್ಬರು ನುಗ್ಗುವವರಾದರೆ ಮಾತ್ರ 35. ಐವತ್ತು ಲೀಟರಿನದು ಒಮ್ಮೆ ಕಾಯಲಿಕ್ಕೇ 70 ನಿಮಿಷ. ಬಳಸದೆ ಉಳಿದದ್ದು ಸುಮ್ಮನೆ ಆರುತ್ತದೆ.

ಯಜಮಾನರ ಮೂರು ಲೀಟರಿನದನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. 3 ಕಿಲೋವ್ಯಾಟಿನದು ನಿಮಿಷಕ್ಕೆ ಎರಡು ಲೀಟರಿನಷ್ಟು ಹದವಾದ ನೀರು ಕೊಡುತ್ತದೆ, ಒಂದು ಗಂಟೆಯಲ್ಲಿ ಐದು ಬಕೆಟ್ ಆಗಿಯೇ ಆಗುತ್ತದೆ. ಆದರೆ ಪ್ರತಿ ಬಕೆಟ್ ತುಂಬಲು ಒಂಬತ್ತು ನಿಮಿಷ ಬಾಗಿಲ ಬಳಿ ಕಾಯಬೇಕು. ಬಿಲ್ ಉಳಿಯುತ್ತದೆಂಬ ಆಸೆ ಮಾತ್ರ ಬೇಡ. ಬಿಲ್ ಬರುವುದು ಬಕೆಟ್‌ಗೆ.

ವೈರಿಂಗ್ ಕೆಲಸದವ:
ಮೇಷ್ಟರ ಲೆಕ್ಕ ಸರಿ. ನನ್ನದೊಂದು ಪ್ರಶ್ನೆ ಅಕ್ಕ, ಹಳೆಯದು ಸೋರಿದ್ದು ಏಕೆ? ಬೋರ್‌ವೆಲ್ ನೀರಾದರೆ ಕಾಯಿಲ್‌ಗೆ ಬಿಳಿ ಸುಣ್ಣ ಕಟ್ಟುತ್ತದೆ. ಒಳಗೆ ಮೆಗ್ನೀಷಿಯಂ ಸರಳೊಂದು ಇರುತ್ತದೆ. ಟ್ಯಾಂಕ್ ತುಕ್ಕು ಹಿಡಿಯುವ ಬದಲು ಅದು ಸವೆಯುತ್ತದೆ. ಅದನ್ನು ಬದಲಾಯಿಸಬೇಕೆಂಬುದು ಯಾರಿಗೂ ನೆನಪಿರುವುದಿಲ್ಲ. ಸರ್ವಿಸ್‌ಗೆ ಬಂದವರಿಂದ ಅದನ್ನು ಬಿಚ್ಚಿಸಿ ನೋಡಿ. ಇನ್ನು 3 ಕಿಲೋವ್ಯಾಟಿನದು 13 ಆಂಪಿಯರ್ ಎಳೆಯುತ್ತದೆ, 2 ಕಿಲೋವ್ಯಾಟಿನದೂ ಒಂಬತ್ತರ ಹತ್ತಿರ. 16 ಆಂಪಿಯರ್ ಸಾಕೆಟ್, ಪ್ರತ್ಯೇಕ ತಂತಿ, ಸರಿಯಾದ ಅರ್ತಿಂಗ್ ಇಲ್ಲದಿದ್ದರೆ ಯಾವ ಗೀಸರನ್ನೂ ತರಬೇಡಿ.

ಸಕಲೇಶಪುರದವನು:
ವರ್ಷಕ್ಕೊಮ್ಮೆ ಬರುವ ನಾದಿನಿಯರಿಗಾಗಿ ವರ್ಷವಿಡೀ ಐವತ್ತು ಲೀಟರ್ ಹೊರುವುದೇಕೆ? ನೀರು ತುಂಬುವ ಹಬ್ಬಕ್ಕೆ ಹೇಗೂ ಹಂಡೆ ತೊಳೆದು ಸುಣ್ಣ, ಕೆಮ್ಮಣ್ಣು ಬಳಿಯುತ್ತೀರಲ್ಲ? ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಅದರಲ್ಲೇ ಕಾಯಿಸಿ. ತೆಂಗಿನ ಮಟ್ಟೆ ಬೇಕಿದ್ದರೆ ನಮ್ಮಲ್ಲಿ ರಾಶಿ ಬಿದ್ದಿದೆ.

ಹಾಸನದ ಗೃಹಿಣಿ:
ಬೋರ್‌ವೆಲ್ ನೀರೇ ಅಣ್ಣ, ಸಾಕೆಟ್ 16ರದು. ಹಂಡೆ ಅಟ್ಟದ ಮೇಲಿದೆ, ಇಳಿಸುವ ಕೆಲಸವನ್ನು ನಾದಿನಿಯರ ಯಜಮಾನರಿಗೆ ಒಪ್ಪಿಸುತ್ತೇನೆ. ಮೇಷ್ಟರೇ, ಇನ್ನೊಂದು: ಅತ್ತೆಯವರಿಗೆ ನೀರು ಸುಡುವಂತಿರಬೇಕು. ಥರ್ಮೋಸ್ಟಾಟನ್ನು 75ಕ್ಕೆ ಏರಿಸಿಡಲೇ?

ನಿವೃತ್ತ ವಿಜ್ಞಾನ ಮೇಷ್ಟರು:
ಬೇಡ. ಬಿಸಿ ಹೆಚ್ಚಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ, ಮಕ್ಕಳು ನಲ್ಲಿಯ ಕೆಳಗೆ ಕೈ ಒಡ್ಡಿದರೆ ಬೊಬ್ಬೆ ಏಳುತ್ತದೆ. 60ರಲ್ಲೇ ಇರಲಿ. ಅತ್ತೆಯವರ ಸರದಿ ಬರುವ ಹೊತ್ತಿಗೆ ಟ್ಯಾಂಕ್ ಮತ್ತೆ ತುಂಬಾ ಕಾದಿರುತ್ತದೆ. ಅವರ ಬಕೆಟ್‌ಗೆ ತಣ್ಣೀರು ನಾಲ್ಕು ಚೊಂಬು ಕಡಿಮೆ ಬೆರೆಸಿ.