ಮಾಡು ಎಂದರೋ, ಮಾಡುತ್ತೇವೆ ಎಂದರೋ?

ಆಗಸ್ಟ್ 8ರ ಬೆಳಿಗ್ಗೆ ಡೊಂಬಿವಲಿಯ ದೊಡ್ಡಪ್ಪ ಕುಟುಂಬದ ಗುಂಪಿಗೆ ಗಾಂಧೀಜಿಯ ಚಿತ್ರ ಹಾಕಿದರು. ಕೆಳಗೆ ದಪ್ಪಕ್ಷರದಲ್ಲಿ 'ಮಾಡು ಇಲ್ಲವೇ ಮಡಿ'. ಜೊತೆಗೆ ಅವರದೇ ಒಂದು ಸಾಲು: 'ಮೂರೇ ಪದಕ್ಕೆ ದೇಶ ಎದ್ದು ನಿಂತಿತು.'

ಭಾವ (ಪುಣೆ): ದೊಡ್ಡಪ್ಪ, ಮೂರು ಪದಕ್ಕೆ ಯಾರೂ ಏಳುವುದಿಲ್ಲ. 1942ರಲ್ಲಿ ಗಾಂಧೀಜಿಯ ಆ ಕ್ವಿಟ್ ಇಂಡಿಯಾ ಭಾಷಣ ಕೇಳಿದ್ದು ಮುಂಬೈಯ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿದ್ದವರು ಮಾತ್ರ. ಮರುದಿನ ಬೆಳಗಾಗುವಷ್ಟರಲ್ಲಿ ನಾಯಕರನ್ನೆಲ್ಲ ಹಿಡಿದರು. ಜನ ಸಿಟ್ಟಿಗೆದ್ದದ್ದು ಅದಕ್ಕೆ.

ದೊಡ್ಡಪ್ಪ: ಹಿಡಿದದ್ದು ಭಾಷಣಕ್ಕೆ ಹೆದರಿಯೇ ಅಲ್ವಾ?

ಭಾವ: ಹಿಡಿಯುವ ತಯಾರಿ ಮೊದಲೇ ಆಗಿತ್ತು.

ಅತ್ತೆ: ಚಿಕ್ಕವಳಿದ್ದಾಗ ನಾನು ಮಡಿ ಎಂದರೆ ಅಜ್ಜಿಯ ಒದ್ದೆ ಸೀರೆ ಅಂದುಕೊಂಡಿದ್ದೆ 😄

ನಾನು: ಅತ್ತೆ! ಆದರೆ ದೊಡ್ಡಪ್ಪ, ಹಿಂದಿಯಲ್ಲಿ ಅದು 'ಕರೇಂಗೆ ಯಾ ಮರೇಂಗೆ'. ಮಾಡು ಅಲ್ಲ, ಮಾಡುತ್ತೇವೆ. ಮಡಿ ಅಲ್ಲ, ಮಡಿಯುತ್ತೇವೆ. ಕನ್ನಡದಲ್ಲಿ ಅಪ್ಪಣೆ ಆಗಿಬಿಟ್ಟಿದೆ. ಯಾರೋ ಹಿಂದೆ ನಿಂತು 'ಹೋಗಿ ಸಾಯಿ' ಅಂದ ಹಾಗೆ. 72 ವರ್ಷದ ಮನುಷ್ಯ ತನ್ನನ್ನೂ ಸೇರಿಸಿಕೊಂಡದ್ದಕ್ಕೇ ಆ ಮಾತಿಗೆ ತೂಕ ಬಂದದ್ದು.

ದೊಡ್ಡಪ್ಪ: ವ್ಯಾಕರಣದ ಪಾಠ ಬೇಡ ಮಗಳೇ. ಇಂಗ್ಲಿಷಿನಲ್ಲೂ 'ಡೂ ಆರ್ ಡೈ' ತಾನೆ?

ನಾನು: ಅದರ ಮುಂದಿನ ವಾಕ್ಯ ಓದಿ. ಭಾರತವನ್ನು ಬಿಡಿಸುತ್ತೇವೆ, ಇಲ್ಲವೇ ಆ ಪ್ರಯತ್ನದಲ್ಲೇ ಸಾಯುತ್ತೇವೆ. ಅಲ್ಲೂ 'ನಾವು'ನೇ.

ಅಕ್ಕ: ನನಗೆ ಭಾಷಣದ ಶುರುವೇ ಇಷ್ಟ. ಕಾಂಗ್ರೆಸ್ಸಿನ ಕ್ವಿಟ್ ಇಂಡಿಯಾ ಠರಾವಿನ ವಿರುದ್ಧ ಮತ ಹಾಕಿದ 13 ಜನರನ್ನೂ ಅಭಿನಂದಿಸುತ್ತಾರೆ. ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಬೇಡ ಅಂದವರ ಮುಖ ಸಹ ನೋಡುವುದಿಲ್ಲ! ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಸರ್ಕಾರಿ ನೌಕರರು ಈಗಲೇ ರಾಜೀನಾಮೆ ಕೊಡಬೇಕಿಲ್ಲ, ನಾವು ಕಾಂಗ್ರೆಸ್ ಜೊತೆ ಅಂತ ಹೇಳಿದರೆ ಸಾಕು. ಸಿಪಾಯಿ ಕೆಲಸ ಬಿಡಬೇಕಿಲ್ಲ, ನಮ್ಮ ಜನರ ಮೇಲೆ ಗುಂಡು ಹಾರಿಸುವುದಿಲ್ಲ ಅಂದರೆ ಸಾಕು. ಸಾಯುವ ಮಾತಿನ ಪಕ್ಕದಲ್ಲೇ ಇಷ್ಟು ಲೆಕ್ಕಾಚಾರ ನೋಡಿ. ಅವರವರ ಕೈಲಾಗುವಷ್ಟೇ ಕೇಳಿದ್ದಾರೆ.

ಭಾವ: ಹೋರಾಟ ಈ ಕ್ಷಣವೇ ಶುರು ಅಲ್ಲ, ವೈಸರಾಯ್ ಜೊತೆ ಮಾತಾಡಲು ಎರಡು ಮೂರು ವಾರ ಬೇಕು, ಅಲ್ಲಿಯ ತನಕ ಚರಕ ಅಂತಲೂ ಹೇಳಿದ್ದಾರೆ. ಇದರಲ್ಲಿ ಕಿಚ್ಚು ಎಲ್ಲಿದೆ?

ನಾನು: ಅದರ ಜೊತೆಗೇ, ಈ ಕ್ಷಣದಿಂದ ನೀವು ಸ್ವತಂತ್ರರು ಅಂದುಕೊಳ್ಳಿ, ಹಾಗೇ ನಡೆದುಕೊಳ್ಳಿ ಅಂದರಲ್ಲ ಭಾವ. ಬೆಳಗಾದಾಗ ಹೇಳುವವರು ಕೇಳುವವರು ಇರಲಿಲ್ಲ. ಅದೇ ಮೈದಾನದಲ್ಲಿ ಅರುಣಾ ಆಸಫ್ ಅಲಿ ಬಾವುಟ ಹಾರಿಸಿದರು. ಬಂಧನದಿಂದ ಸಿಟ್ಟು ಬಂತು, ಒಪ್ಪಿದೆ. ಆದರೆ ಸಿಟ್ಟು ಬಂದವರು ಯಾರ ಅಪ್ಪಣೆಗೂ ಕಾಯದ ಹಾಗೆ ಹಿಂದಿನ ರಾತ್ರಿಯೇ ಹೇಳಿಟ್ಟಿದ್ದರು. ಬಾಯಿಂದ ಬಾಯಿಗೆ ದಾಟಲು ದೊಡ್ಡಪ್ಪನ ಮೂರು ಪದವೂ ಬೇಕಾಯಿತು.

ದೊಡ್ಡಪ್ಪ: ಹಾಂ, ಈಗ ಬಂದೆ ದಾರಿಗೆ.

ಅತ್ತೆ: ಭಾನುವಾರ ಊಟಕ್ಕೆ ಎಷ್ಟು ಜನ? ಸುಮ್ನೆ ಹೇಳಿ, ಜಾಸ್ತಿ ಓದುವುದಕ್ಕೆ ಆಗಲ್ಲ.

ಭಾವ: ನಾವು ಇಬ್ಬರು ಅತ್ತೆ. ನಮ್ಮ ಮನೆಯಿಂದ ಆಗಾ ಖಾನ್ ಅರಮನೆ ಹತ್ತಿರ. ಗಾಂಧೀಜಿಯನ್ನು ಹಿಡಿದು ತಂದು ಇಟ್ಟದ್ದು ಅಲ್ಲೇ. ಒಂದೇ ವಾರಕ್ಕೆ, ಆಗಸ್ಟ್ 15ಕ್ಕೆ, ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ ಅಲ್ಲಿ ತೀರಿಕೊಂಡರು. 1944ರಲ್ಲಿ ಕಸ್ತೂರಬಾ. ಇಬ್ಬರ ಸಮಾಧಿಯೂ ಅಲ್ಲೇ ಇದೆ. ನೀನು ಹೇಳಿದ 'ನಾವು' ಅದೇ ಇರಬೇಕು.

ಅರ್ಧ ಗಂಟೆ ಯಾರೂ ಏನೂ ಬರೆಯಲಿಲ್ಲ. ಆಮೇಲೆ ದೊಡ್ಡಪ್ಪನ ಹೊಸ ಚಿತ್ರ ಬಂತು: 'ಮಾಡುತ್ತೇವೆ ಇಲ್ಲವೇ ಮಡಿಯುತ್ತೇವೆ.'

ದೊಡ್ಡಪ್ಪ: ಬಾಲ್ಕನಿಯಲ್ಲಿ ನಿಂತು ಕೂಗಿ ನೋಡಿದೆ. ಉಸಿರು ಸಾಲುವುದಿಲ್ಲ. ಹಳೆಯದೇ ಇರಲಿ.