ಅಪ್‌ಡೇಟ್: ನಿವೃತ್ತಿಗೆ ಎಷ್ಟು ಉಳಿಸಬೇಕು ಅನ್ನೋದಕ್ಕೆ ಕೊನೆಗೂ ಒಂದು ಲೆಕ್ಕ ಸಿಕ್ಕಿತು

ವಯಸ್ಸು 41, ನಿವೃತ್ತಿಗೆ ಎಷ್ಟು ಕೂಡಿಡಬೇಕು ಅಂತಲೇ ತಿಳೀತಿಲ್ಲ ಅಂತ ಎರಡು ವಾರದ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

"ಸಂಬಳದಲ್ಲಿ ಶೇ 10 ಎತ್ತಿಡಿ" ಅನ್ನೋ ಸಲಹೆ ನನಗೆ ಹೊಂದಲಿಲ್ಲ. 25ನೇ ವಯಸ್ಸಿಗೇ ಶುರು ಮಾಡಿದವರಿಗೆ ಸರಿಹೋಗಬಹುದು, ತಡ ಮಾಡಿದವರಿಗೆ ಸಾಲದು. ಕ್ಯಾಲ್ಕುಲೇಟರ್‌ಗಳೂ ಅಷ್ಟೇ, ಬಡ್ಡಿ ದರ ಸ್ವಲ್ಪ ಬದಲಿಸಿದರೆ ಉತ್ತರವೇ ಬೇರೆ.

ಕೆಲಸಕ್ಕೆ ಬಂದದ್ದು "ಮೊದಲು ಖರ್ಚು ಬರೆದು ನೋಡಿ" ಅಂದವರ ಮಾತು. ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಹರಡಿಕೊಂಡು ಕೂತೆ. ಸಾಲದ ಕಂತು, ಮಕ್ಕಳ ಫೀಸು ಆಗ ಇರಲ್ಲ ಅಂತ ತೆಗೆದೆ. ಔಷಧಿ, ಆಸ್ಪತ್ರೆಗೆ ಅಂತ ಸೇರಿಸಿದೆ. ಉಳಿದ ವರ್ಷದ ಖರ್ಚನ್ನು 25ರಿಂದ ಗುಣಿಸಿದರೆ ನಿವೃತ್ತಿ ಹೊತ್ತಿಗೆ ಬೇಕಾದ ಮೊತ್ತ ಸಿಗುತ್ತೆ ಅಂತ ಇನ್ನೊಬ್ಬರು ಹೇಳಿದ್ದರು. ಅದರ ಮೂಲ ಹುಡುಕಿದೆ: 1994ರಲ್ಲಿ ವಿಲಿಯಂ ಬೆಂಗೆನ್ ಅನ್ನೋ ಹಣಕಾಸು ಸಲಹೆಗಾರ ಅಮೆರಿಕದ ಹಳೆಯ ಮಾರುಕಟ್ಟೆ ಅಂಕಿಅಂಶ ಇಟ್ಟುಕೊಂಡು ಮಾಡಿದ ಲೆಕ್ಕ. ಕೂಡಿಟ್ಟ ಹಣದಲ್ಲಿ ಮೊದಲ ವರ್ಷ ಶೇ 4 (ಅಂದರೆ 25ರಲ್ಲಿ ಒಂದು ಪಾಲು) ತೆಗೆದು, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತಾ ಹೋದರೂ ಹಣ 30 ವರ್ಷ ಬಾಳುತ್ತಿತ್ತಂತೆ. ಎಲ್ಲ ಕಡೆಗೂ ಅದನ್ನೇ ನಂಬೋದು ಅಪಾಯ ಅನ್ನಿಸಿ ನಾನು 25ರ ಬದಲು 30 ಪಟ್ಟು ಇಟ್ಟುಕೊಂಡೆ.

ನಿಜಕ್ಕೂ ಬೆಚ್ಚಿಬೀಳಿಸಿದ್ದು ಹಣದುಬ್ಬರ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ 12 ವರ್ಷಕ್ಕೆ ಖರ್ಚು ದುಪ್ಪಟ್ಟು. 60ಕ್ಕೆ ನಿವೃತ್ತಿ ಅಂದರೆ ನನಗಿರೋದು 19 ವರ್ಷ, ಅಷ್ಟರಲ್ಲಿ ಮೂರು ಪಟ್ಟು! ಗುಣಿಸಬೇಕಾದ್ದು ಇವತ್ತಿನ ಖರ್ಚನ್ನಲ್ಲ, ಆ ಮೂರು ಪಟ್ಟನ್ನು.

ಸದ್ಯ ಸಂಬಳದ ಶೇ 22 ಎತ್ತಿಡ್ತಿದ್ದೇನೆ, ಸಂಬಳ ಬಂದ ದಿನವೇ ತಾನಾಗಿ ಕಟ್ ಆಗುತ್ತೆ. ಮುಂದೆ ಸಂಬಳ ಏರಿದಾಗಲೆಲ್ಲ ಏರಿದ್ದರಲ್ಲಿ ಅರ್ಧ ಇದಕ್ಕೇ.